ಮಗಳಿಗೊಂದು ಪತ್ರ: ಅಳಿಸುವ ಮುನ್ನ

ಪ್ರೀತಿಯ ಮಗಳೇ,

ಇನ್ನು ಮುಂದೆ ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಜಾಲತಾಣಕ್ಕೆ ಒಂದು ಪಟ್ಟಿಯನ್ನೂ ಸೇರಿಸುವುದಿಲ್ಲ, ಇದುವರೆಗಿನದನ್ನೂ ಅಳಿಸುತ್ತೇನೆ ಎಂದು ಹೇಳಿ ನೀನು ನಿನ್ನೆ ಫೋನ್ ಇಟ್ಟೆ. ಆಗ ಮಾತು ಬೆಳೆಸಿದರೆ ಜಗಳವಾಗುತ್ತಿತ್ತು, ಹಾಗಾಗಿ ಬರೆಯುತ್ತಿದ್ದೇನೆ. ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ನೀನು ಕಂಡ ಎಳೆಯ ಹ್ಯಾರಿಯರ್ ಎಂಬ ಬೇಟೆಹಕ್ಕಿ ಪ್ಯಾಲಿಡ್ ಜಾತಿಯದೇ ಎಂದು ಹೇಗೆ ಗುರುತಿಸಿದಿರಿ ಎಂದು ದಾಖಲೆ ಪರಿಶೀಲಿಸುವವರು ಕೇಳಿದ್ದಾರೆ. ಎಳೆಯ ಪ್ಯಾಲಿಡ್ ಮತ್ತು ಮಾಂಟೆಗೂ ಹ್ಯಾರಿಯರ್‌ಗಳೆರಡಕ್ಕೂ ಮೇಲೆ ಕಂದು ಬಣ್ಣ, ಬಾಲದ ಬುಡದಲ್ಲಿ ಬಿಳಿ ಪಟ್ಟಿ, ಕೆಳಗೆ ಕೆಂಗಂದು. ಪ್ಯಾಲಿಡ್‌ನ ಕುತ್ತಿಗೆಯ ಸುತ್ತಲಿನ ತಿಳಿ ಪಟ್ಟಿ ಸರಿಯಾಗಿ ಕಾಣದೆ ಹೋದರೆ ಎಂಥವರಿಗೂ ಅನುಮಾನ ಬರುತ್ತದೆ. ಆ ಪ್ರಶ್ನೆಯಲ್ಲಿ ನಿನ್ನನ್ನು ಸುಳ್ಳುಗಾತಿ ಎಂದ ಮಾತು ನನಗೆಲ್ಲೂ ಕಾಣಲಿಲ್ಲ.

ನನಗೆ ಮತ್ತೆ ಮತ್ತೆ ನೆನಪಾಗುವುದು ನೀನು ಐದನೆಯ ತರಗತಿಯಲ್ಲಿದ್ದಾಗ ಕೆರೆಯಂಗಳದಲ್ಲಿ ನಡೆದದ್ದು. ಕಾಲ ಬುಡದಿಂದಲೇ ಎಂಬಂತೆ ಒಂದು ಸ್ನೈಪ್, ಅದೇ ಆ ಉದ್ದ ಕೊಕ್ಕಿನ ಜೌಗುಹಕ್ಕಿ, ಹಾರಿತು. ಜೊತೆಗಿದ್ದ ಹಿರಿಯರೆಲ್ಲ ಪಿನ್‌ಟೇಲ್ ಸ್ನೈಪ್ ಎಂದು ಬರೆದುಕೊಂಡರು. ರೆಕ್ಕೆಯ ಹಿಂಬದಿಯಲ್ಲಿ ಬಿಳಿ ಅಂಚು ಇರಲಿಲ್ಲವಾದ್ದರಿಂದ ಅದು ಕಾಮನ್ ಸ್ನೈಪ್ ಅಲ್ಲ ಎಂಬುದಷ್ಟೇ ಗಟ್ಟಿ. ಪಿನ್‌ಟೇಲೋ, ಅದನ್ನೇ ಹೋಲುವ ಸ್ವಿನ್‌ಹೋ ಸ್ನೈಪೋ ಎಂದು ಹೇಳಲು ಬಾಲದ ಅಂಚಿನ ಸೂಜಿಯಂಥ ಗರಿಗಳನ್ನು ನೋಡಬೇಕು, ಹಾರುವ ಹಕ್ಕಿಯಲ್ಲಿ ಅದು ಹೆಚ್ಚುಕಡಿಮೆ ಆಗದ ಮಾತು. ನೀನು ಬರೀ ‘ಸ್ನೈಪ್’ ಎಂದು ಬರೆದೆ. ಪೂರ್ತಿ ಹೆಸರು ಬರೆಯಮ್ಮ ಎಂದು ಒಬ್ಬರು ಹೇಳಿದರೆ, ‘ಬಾಲದ ಗರಿ ನನಗೆ ಕಾಣಲಿಲ್ಲ’ ಎಂದೆ. ಇನ್ನೊಬ್ಬರು ನಕ್ಕರು. ನಿನ್ನ ಕಿವಿ ಕೆಂಪಾದವು, ಆದರೆ ನೀನು ಪೆನ್ಸಿಲ್ ಎತ್ತಲಿಲ್ಲ. ಕಾಣದ್ದನ್ನು ಕಂಡೆ ಎನ್ನದ ಆ ಹಟಕ್ಕಾಗಿ ನನಗಿರುವ ಹೆಮ್ಮೆಯನ್ನು ನಿನಗೆ ಒಮ್ಮೆಯೂ ಹೇಳಿಲ್ಲ. ಕ್ಷಮಿಸು, ಈ ಮನೆಯಲ್ಲಿ ಹೊಗಳಿಕೆ ಬಹಳ ಕಡಿಮೆಯಾಯಿತು.

ಅದೇ ಪ್ರಾಮಾಣಿಕತೆ ಈಗ ನಿನ್ನ ಕಣ್ಣಿನ ಮೇಲೇ ಅಪನಂಬಿಕೆಯಾಗಿ ತಿರುಗುತ್ತಿದೆಯೇನೋ ಎಂಬುದು ನನ್ನ ಭಯ. ಅಳಿಸಿಬಿಟ್ಟರೆ ಸತ್ಯಕ್ಕೆ ಹತ್ತಿರವಾದೆ ಎಂದುಕೊಳ್ಳಬೇಡ. ಕಂಡದ್ದೆಲ್ಲವನ್ನೂ ಬರೆದಿದ್ದೇನೆ ಎಂದು ಗುರುತು ಹಾಕಿದ ಪಟ್ಟಿಯಲ್ಲಿ ಇಲ್ಲದ ಹಕ್ಕಿ, ಅಲ್ಲಿ ಕಾಣಲಿಲ್ಲ ಎಂದೇ ಲೆಕ್ಕಕ್ಕೆ ಹೋಗುತ್ತದೆ. ಹ್ಯಾರಿಯರ್ ಹಾರಿದ್ದು ನಿಜ, ನೀನು ಕಂಡದ್ದೂ ನಿಜ. ಅದನ್ನು ಪಟ್ಟಿಯಿಂದ ತೆಗೆದರೆ ಅದೂ ಒಂದು ಸುಳ್ಳೇ.

ಸುಳ್ಳು ದಾಖಲೆ ಏನು ಮಾಡುತ್ತದೆಂದು ನಿನಗೆ ಗೊತ್ತು, ಆದರೂ ಹೇಳುತ್ತೇನೆ. ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಮ್ಯೂಸಿಯಂಗಳಿಂದ ಹಕ್ಕಿಗಳ ಮಾದರಿಗಳನ್ನು ಕದ್ದು, ಬೇರೆ ಊರು, ಬೇರೆ ದಿನಾಂಕಗಳ ಚೀಟಿ ಕಟ್ಟಿ, ತಾನೇ ಸಂಗ್ರಹಿಸಿದ್ದೆಂದು ತೋರಿಸಿಕೊಂಡ. ಫಾರೆಸ್ಟ್ ಔಲೆಟ್ ಎಂಬ ಪುಟ್ಟ ಗೂಬೆಯನ್ನು 1914ರಲ್ಲಿ ಗುಜರಾತಿನಲ್ಲಿ ಹಿಡಿದೆ ಎಂದದ್ದೂ ಹಾಗೆಯೇ. ಆ ಚೀಟಿಯನ್ನು ಬದಿಗಿಟ್ಟು, ಹತ್ತೊಂಬತ್ತನೆಯ ಶತಮಾನದ ನಿಜವಾದ ದಾಖಲೆಗಳ ಜಾಡು ಹಿಡಿದ ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ಮತ್ತು ಸಂಗಡಿಗರಿಗೆ 1997ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಆ ಗೂಬೆ ಸಿಕ್ಕಿತು. 1884ರ ನಂತರ ಅದು ಸಿಕ್ಕ ನಂಬಬಹುದಾದ ದಾಖಲೆ ಒಂದೂ ಇರಲಿಲ್ಲ. ಅಂದು ಕಂಡದ್ದನ್ನಷ್ಟೇ ಬರೆದಿಟ್ಟವರು ನೂರು ವರ್ಷದ ನಂತರ ಬಂದವರಿಗೆ ದಾರಿಯಾದರು. ನೀನು ಬರೆಯುವುದೂ ನಾಳೆ ಯಾರಿಗೋ ಬೇಕಾದೀತು, ಆದ್ದರಿಂದ ಅನುಮಾನವಿದ್ದರೆ ಆ ಅನುಮಾನವನ್ನೂ ಬರೆ. ಇದು ಉಪದೇಶವಾಯಿತೆಂದು ನನಗೂ ತಿಳಿಯುತ್ತದೆ, ಆದರೂ ತೆಗೆಯುವುದಿಲ್ಲ.

ಉತ್ತರವನ್ನು ಇಂದೇ ಬರೆದು ಕಳುಹಿಸು: ಬೆಳಕು ಯಾವ ಕಡೆಯಿಂದಿತ್ತು, ಹಕ್ಕಿ ಎಷ್ಟು ದೂರದಲ್ಲಿತ್ತು, ಕುತ್ತಿಗೆ ಕಂಡಿತೇ. ಕಂಡಿದ್ದರೆ ಪ್ಯಾಲಿಡ್ ಎಂದೇ ಉಳಿಸು, ಯಾರು ಕೇಳಿದರೂ ಅಂಜಬೇಡ. ಕಾಣದಿದ್ದರೆ ಹೆಸರು ಬದಲಿಸಿ ಬರೀ ‘ಹ್ಯಾರಿಯರ್’ ಎಂದು ಮಾಡು. ಊಟ ಸರಿಯಾಗಿ ಮಾಡುತ್ತಿದ್ದೀಯೋ ಇಲ್ಲವೋ, ಅದನ್ನೂ ತಿಳಿಸು.

ಆಶೀರ್ವಾದಗಳೊಂದಿಗೆ,
ಅಮ್ಮ