ಅವ್ವಾ, ಆ ಕಪ್ಪು ಪುಡಿ ಮತ್ತೆ ಹಚ್ಚಬೇಡ

ಬ್ರೈಟನ್, ಇಂಗ್ಲೆಂಡ್
ಭಾನುವಾರ ರಾತ್ರಿ

ಪ್ರೀತಿಯ ಅವ್ವನಿಗೆ,

ನಿನಗೂ ಅಪ್ಪನಿಗೂ ನಮಸ್ಕಾರ. ನಾನು ಇಲ್ಲಿ ಆರಾಮಾಗಿದ್ದೇನೆ. ಫೋನ್ ಮಾಡಿದಾಗಲೆಲ್ಲ ನೀನು "ಏನಿಲ್ಲ ಬಿಡು" ಅಂತ ಮಾತು ತಿರುಗಿಸಿಬಿಡುತ್ತೀ. ಅದಕ್ಕೇ ಈ ಸಲ ಕಾಗದ ಬರೆಯುತ್ತಿದ್ದೇನೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದು.

ವೈನಿ ಎಲ್ಲಾ ಹೇಳಿದರು. ಗವಿಮಠದ ಜಾತ್ರೆಗೆ ಹೋಗಬೇಕು ಅಂತ ನೀನು ತಲೆಗೆ ಕಪ್ಪು ಮೆಹಂದಿ ಹಚ್ಚಿಕೊಂಡೆಯಂತೆ. ಮರುದಿನ ಹಣೆಯಲ್ಲಿ, ಕಿವಿಯ ಹಿಂದೆ ಕೆರೆತ ಶುರುವಾಯಿತಂತೆ. ಮೂರನೇ ದಿನಕ್ಕೆ ಕಣ್ಣು ಬಾತು ಮುಚ್ಚಿಹೋಗಿದ್ದವಂತೆ. ಕೊಪ್ಪಳದ ಡಾಕ್ಟರ ಹತ್ತಿರವೂ ಹೋಗಲಿಲ್ಲ, ನನಗೂ ಹೇಳಲಿಲ್ಲ. ವೈನಿಯ ಮೇಲೆ ಸಿಟ್ಟು ಮಾಡಬೇಡ. ಅವರು ಹೇಳಿದ್ದೇ ಒಳ್ಳೆಯದಾಯಿತು.

"ಗೋರಂಟಿ ಅಲ್ವಾ, ಸೊಪ್ಪಿನ ಪುಡಿ, ಏನಾಗುತ್ತೆ" ಅಂದುಕೊಂಡು ನೀನು ಹಚ್ಚಿಕೊಂಡಿರುತ್ತೀ. ಅಂಗಡಿಯವನೂ ಹಾಗೇ ಹೇಳಿ ಕೊಟ್ಟಿರುತ್ತಾನೆ. ಆದರೆ ಅವ್ವಾ, ಬರೀ ಗೋರಂಟಿಯಿಂದ ಕಪ್ಪು ಬಣ್ಣ ಬರೋದೇ ಇಲ್ಲ. ಅದರ ಎಲೆಯಲ್ಲಿರುವ ಬಣ್ಣಕ್ಕೆ ಲಾಸೋನ್ ಅಂತಾರೆ. ಅದು ಕೂದಲಿಗೆ ಅಂಟಿದರೆ ಕೇಸರಿ ಆಗುತ್ತದೆ, ಕೆಂಪಾಗುತ್ತದೆ. ಒಂದೆರಡು ದಿನ ಕಳೆದ ಮೇಲೆ ಸ್ವಲ್ಪ ಗಾಢವಾಗುತ್ತದೆ. ಅಷ್ಟೇ. ಒಂದೇ ಸಲ, ಅರ್ಧ ಗಂಟೆಯಲ್ಲಿ ಕಾಡಿಗೆಯಂತೆ ಕಪ್ಪಾಯಿತು ಅಂದರೆ ಅದರಲ್ಲಿ ಬೇರೆ ಏನೋ ಸೇರಿದೆ.

ಹೆಚ್ಚಾಗಿ ಸೇರಿಸುವುದು ಪಿಪಿಡಿ. ಪೂರ್ತಿ ಹೆಸರು ಪ್ಯಾರಾ ಫಿನೈಲೀನ್ ಡೈಅಮೈನ್. ನಮ್ಮ ಆಸ್ಪತ್ರೆಯ ಚರ್ಮದ ವಿಭಾಗದಲ್ಲಿರುವ ನರ್ಸ್ ಒಬ್ಬರಿಗೆ ನಿನ್ನ ವಿಷಯ ಹೇಳಿದೆ. ಮಾತು ಮುಗಿಯುವ ಮುಂಚೆಯೇ ಅವರ ಬಾಯಲ್ಲಿ ಬಂದದ್ದು ಇದೇ ಹೆಸರು. ಇಲ್ಲಿ ತಲೆಗೆ ಹಚ್ಚುವ ಬಣ್ಣದಲ್ಲಿ ಅದು ನೂರಕ್ಕೆ 2 ಭಾಗ ದಾಟುವಂತಿಲ್ಲ. ಕೈಗೆ, ಮೈಗೆ ಹಚ್ಚುವ ಬಣ್ಣದಲ್ಲಂತೂ ಹಾಕುವಂತೆಯೇ ಇಲ್ಲ. ಪುಡಿ ಪೊಟ್ಟಣದ ಮೇಲೆ ಎಲೆಯ ಚಿತ್ರ ಇದ್ದ ಮಾತ್ರಕ್ಕೆ ಒಳಗೆ ಇರುವುದು ಎಲೆಯೇ ಅಂತ ಅಲ್ಲ.

ಇದು ಒಮ್ಮೆ ಬಂದು ಹೋಗುವ ಕೆರೆತ ಅಲ್ಲ, ಅದೇ ನನ್ನ ಭಯ. ಮೈ ಒಂದು ಸಲ ಆ ಪದಾರ್ಥವನ್ನು ವೈರಿ ಅಂತ ಗುರುತು ಹಿಡಿದರೆ ಮತ್ತೆ ಮರೆಯುವುದಿಲ್ಲ. ಮುಂದಿನ ಸಲ ಚೂರೇ ಹಚ್ಚಿದರೂ ಇದಕ್ಕಿಂತ ಜಾಸ್ತಿ ಬಾಯಬಹುದು. ಬಾವು ಇಳಿಯಿತು ಅಂತ ಸುಮ್ಮನಿರಬೇಡ. ಅಣ್ಣನ ಜೊತೆ ಕೊಪ್ಪಳದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸು. ಪೊಟ್ಟಣ ಇನ್ನೂ ಇದ್ದರೆ ಎಸೆಯಬೇಡ, ಜೊತೆಗೆ ಒಯ್ಯಿ. ಇನ್ನು ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ "ನನಗೆ ತಲೆ ಬಣ್ಣ ಆಗಿಬರಲ್ಲ" ಅಂತ ಮೊದಲೇ ಹೇಳು. ಮರಗಟ್ಟಿಸುವ ಕೆಲವು ಔಷಧಿಗಳೂ ಅದರ ಜಾತಿಗೇ ಸೇರಿದವಂತೆ.

ನೀನು ಮುಂಚೆ ಮಾಡುತ್ತಿದ್ದ ಕ್ರಮ ಎಷ್ಟು ಒಳ್ಳೆಯದಿತ್ತು! ಕಬ್ಬಿಣದ ಬಾಣಲೆಯಲ್ಲಿ ಗೋರಂಟಿ ಪುಡಿ, ನೆಲ್ಲಿಕಾಯಿ ಪುಡಿ, ಚಹಾಪುಡಿ ಕುದಿಸಿದ ನೀರು, ಅರ್ಧ ನಿಂಬೆಹಣ್ಣು. ರಾತ್ರಿ ಕಲಸಿ ಮುಚ್ಚಿಟ್ಟು ಬೆಳಿಗ್ಗೆ ಹಚ್ಚುತ್ತಿದ್ದೆ. ಸುಮ್ನೆ ಮಾಡಿದ್ದಲ್ಲ ಅದು. ಹುಳಿ ಸೇರಿ ಕೆಲವು ಗಂಟೆ ನೆನೆದರೆ ಗೋರಂಟಿಯ ಬಣ್ಣ ಚೆನ್ನಾಗಿ ಬಿಡುತ್ತದೆ. ನೆಲ್ಲಿಕಾಯಿಯ ಒಗರು, ಚಹಾದ ಒಗರು ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ. ಅದಕ್ಕೇ ನಿನ್ನ ಕೂದಲು ಅಚ್ಚ ಕೆಂಪಾಗದೆ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ನೆರೆಮನೆಯವರು "ಕಪ್ಪೇ ಆಗಲಿಲ್ಲ" ಅಂದರೆ ಅನ್ನಲಿ. ಕಪ್ಪೇ ಬೇಕು ಅಂತಿದ್ದರೆ ನೀಲಿ ಗಿಡದ ಎಲೆ ಪುಡಿ ಅಂತ ಬೇರೆ ಸಿಗುತ್ತದೆ. ಮೊದಲು ಗೋರಂಟಿ ಹಚ್ಚಿ ತೊಳೆಯಬೇಕು. ಆಮೇಲೆ ನೀಲಿ ಪುಡಿಯನ್ನು ಉಗುರು ಬೆಚ್ಚಗಿನ ನೀರಲ್ಲಿ ಕಲಸಿ, ಹತ್ತು ಹದಿನೈದು ನಿಮಿಷ ಬಿಟ್ಟು ಹಚ್ಚಬೇಕು. ಅದನ್ನು ರಾತ್ರಿಯೆಲ್ಲ ನೆನೆಸಿಟ್ಟರೆ ಬಣ್ಣ ಸತ್ತುಹೋಗುತ್ತದೆ. ಮೊದಲು ಹಸಿರು ಹಸಿರಾಗಿ ಕಾಣುತ್ತದೆ, ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಆದರೆ ಇದೂ ಈಗ ಬೇಡ. ನೆತ್ತಿ ಪೂರ್ತಿ ವಾಸಿಯಾಗಲಿ, ಡಾಕ್ಟರು ಹೂಂ ಅನ್ನಲಿ. ಆಮೇಲೂ ಯಾವ ಪುಡಿಯೇ ಇರಲಿ, ಮೊದಲು ಮೊಣಕೈಯ ಒಳಮಗ್ಗುಲಿಗೆ ಚೂರು ಹಚ್ಚಿ ಎರಡು ದಿನ ಕಾಯಬೇಕು. ನಿಜ ಹೇಳಲಾ, ನಿನ್ನ ಬಿಳಿ ಕೂದಲು ನನಗೆ ತುಂಬಾ ಇಷ್ಟ. ಅಜ್ಜಿಯ ಹಾಗೇ ಕಾಣುತ್ತೀ.

ಇನ್ನು ನೀನು ನನಗೆ ಕಳಿಸಿದ ಸೀಗೆ, ಅಂಟವಾಳ, ಮೆಂತ್ಯ, ಬೇವಿನ ಪುಡಿಗಳ ವಿಷಯಕ್ಕೆ ಬರುತ್ತೇನೆ. ಮೂರು ವರ್ಷದ ಹಿಂದೆ ನಾನು ಬಂದ ಹೊಸತರಲ್ಲಿ ತಲೆ ತುಂಬ ಹೊಟ್ಟು, ಬಾಚಿದರೆ ಹಣಿಗೆ ತುಂಬ ಕೂದಲು. ಎಷ್ಟು ತೊಳೆದರೂ ಕೂದಲು ನಾರಿನಂತೆ ಒರಟು. ಆ ಒರಟಿಗೆ ನೀರೇ ಕಾರಣ ಅಂತ ಗೊತ್ತಾಗಲು ಬಹಳ ದಿನ ಬೇಕಾಯಿತು. ಈ ಊರಿನ ಸುತ್ತ ನೆಲದಡಿ ಎಲ್ಲಾ ಸುಣ್ಣದ ಬಿಳಿ ಕಲ್ಲು. ನೀರು ಅದರಲ್ಲಿ ಇಂಗಿ ಬರುತ್ತದೆ. ಚಹಾ ಕಾಯಿಸುವ ಕೆಟಲ್ ಒಳಗೆ ವಾರದಲ್ಲೇ ಬಿಳಿ ಹೊಪ್ಪಳಿಕೆ. ಅಚ್ಚು ನಮ್ಮ ಬೋರಿನ ಸವಳು ನೀರು! ನೆನಪಿದೆಯಾ, ಎಡದಂಡೆ ಕಾಲುವೆಯಲ್ಲಿ ಬಟ್ಟೆ ಒಗೆದರೆ ಸಾಬೂನು ಭರ್ರನೆ ನೊರೆ ಬರುತ್ತಿತ್ತು. ಅದೇ ಸಾಬೂನು ಬೋರಿನ ನೀರಲ್ಲಿ ಮೊಸರು ಒಡೆದ ಹಾಗೆ ಆಗುತ್ತಿತ್ತು. ಆ ಒಡೆದ ಜಿಡ್ಡೇ ಕೂದಲಿಗೂ ಅಂಟುವುದು. ಸೀಗೆಕಾಯಿ, ಅಂಟವಾಳದ ನೊರೆ ಸಾಬೂನಿನ ನೊರೆ ಅಲ್ಲ, ಅದರ ಗುಣವೇ ಬೇರೆ. ಸವಳು ನೀರಲ್ಲೂ ಹಾಗೆ ಒಡೆಯುವುದಿಲ್ಲ. ನೊರೆ ಕಡಿಮೆ, ಆದರೆ ಎಣ್ಣೆ ಹೋಗುತ್ತದೆ.

ಮೊದಲ ಸಲ ನಾನು ನಿನ್ನ ಹಾಗೇ ಪುಡಿಯನ್ನು ಗಟ್ಟಿಯಾಗಿ ಕಲಸಿ ತಲೆಗೆ ಹಾಕಿದೆ. ಇಲ್ಲಿ ನಮ್ಮ ಬಚ್ಚಲಲ್ಲ, ಹಂಡೆ ತುಂಬ ಬಿಸಿನೀರೂ ಇಲ್ಲ, ಬೆನ್ನ ಹಿಂದೆ ನಿಂತು ಚೊಂಬಿನಿಂದ ಎರೆಯಲು ನೀನೂ ಇಲ್ಲ. ಪುಡಿಯ ಕಣ ಕೂದಲಿಂದ ಎರಡು ದಿನ ಉದುರುತ್ತಿತ್ತು. ಅಂಟವಾಳ ಕಣ್ಣಿಗೆ ಹೋಗಿ ಉರಿ ತಡೆಯಲಾಗದೆ ಅತ್ತುಬಿಟ್ಟೆ. ನಿನ್ನ ನೆನಪೂ ಆಗಿತ್ತು.

ಈಗ ದಾರಿ ಕಂಡುಕೊಂಡಿದ್ದೇನೆ. ರಾತ್ರಿ ಎರಡು ಚಮಚ ಸೀಗೆಪುಡಿ, ಅರ್ಧ ಚಮಚ ಅಂಟವಾಳದ ಪುಡಿ ಎರಡು ಲೋಟ ನೀರಲ್ಲಿ ನೆನೆಸುತ್ತೇನೆ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಒಂದು ಕುದಿ. ಆರಿದ ಮೇಲೆ ನಿನ್ನ ಹಳೆಯ ಸೀರೆಯ ತುಂಡಿನಲ್ಲಿ ಸೋಸಿ ಹಿಂಡುತ್ತೇನೆ. ಕಣ ಒಂದೂ ಉಳಿಯುವುದಿಲ್ಲ. ಆ ತಿಳಿಯನ್ನು ತಲೆ ಹಿಂದಕ್ಕೆ ಬಾಗಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಸ್ವಲ್ಪ ಸ್ವಲ್ಪ ಸುರಿದುಕೊಂಡು ಬೆರಳ ತುದಿಯಿಂದ ತಿಕ್ಕುತ್ತೇನೆ. ಉಗುರಿನಿಂದ ಅಲ್ಲ. ಮಿಕ್ಕಿದ್ದನ್ನು ಇಡುವುದಿಲ್ಲ, ಮರುದಿನಕ್ಕೇ ಹುಳಿ ವಾಸನೆ ಬರುತ್ತದೆ. ಮೆಂತ್ಯದ ಪುಡಿಯನ್ನು ಬೇರೆ ನೆನೆಸಿ, ಅದರ ಲೋಳೆಯನ್ನು ಕೊನೆಗೆ ಕೂದಲ ತುದಿಗೆ ಮಾತ್ರ ಹಚ್ಚಿ ತೊಳೆಯುತ್ತೇನೆ. ಸಿಕ್ಕು ಬಿಡಿಸಲು ಅದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ದಾಸವಾಳದ ಎಲೆಯ ಲೋಳೆಯೂ ಇದೇ ಕೆಲಸ ಮಾಡುತ್ತದೆ. ಇಲ್ಲಿ ದಾಸವಾಳ ಎಲ್ಲಿ ತರಲಿ!

ಬೇವಿನ ಪುಡಿ ಮಾತ್ರ ನನಗೆ ಆಗಿಬರಲಿಲ್ಲ, ಅವ್ವಾ. ಅಂಗಳದ ಬೇವು, ನೀನು ನೆರಳಲ್ಲಿ ಒಣಗಿಸಿ ಕುಟ್ಟಿದ್ದು, ಆಸೆಯಿಂದ ಹಚ್ಚಿದೆ. ಚಳಿಗಾಲದಲ್ಲಿ ಇಲ್ಲಿ ಮನೆಯೊಳಗೆ ದಿನವಿಡೀ ಹೀಟರ್ ಇರುತ್ತದೆ. ನೆತ್ತಿ ಮೊದಲೇ ಒಣಗಿರುತ್ತದೆ, ಬೇವು ಇನ್ನೂ ಒಣಗಿಸಿತು. ಹೊಟ್ಟು ಹೋಗಲಿಲ್ಲ. ಹೊಟ್ಟಿಗೆ ಕಾರಣ ನೆತ್ತಿಯ ಮೇಲೆ ಎಲ್ಲರಿಗೂ ಇರುವ ಒಂದು ಶಿಲೀಂಧ್ರ. ಅದು ನೆತ್ತಿಯ ಜಿಡ್ಡನ್ನೇ ತಿಂದು ಬೆಳೆಯುತ್ತದೆ. ಹೊಟ್ಟು ಇದ್ದಾಗ ಗಂಟೆಗಟ್ಟಲೆ ಎಣ್ಣೆ ಹಚ್ಚಿಕೊಂಡು ಕೂತರೆ ಜಾಸ್ತಿಯೇ ಆಗಬಹುದು. ಕೊನೆಗೆ ಕೀಟೋಕೊನಜೋಲ್ ಇರುವ ಔಷಧಿ ಶಾಂಪೂ ವಾರಕ್ಕೆ ಎರಡು ಸಲದಂತೆ ಒಂದು ತಿಂಗಳು ಹಾಕಿದೆ. ಆಮೇಲೆ ಸೀಗೆಗೆ ಬಂದೆ. ಇದನ್ನು ನಿನ್ನಿಂದ ಮುಚ್ಚಿಡಲು ಮನಸ್ಸಾಗಲಿಲ್ಲ.

ವೈನಿಗೂ ಒಂದು ಮಾತು. ಹೆರಿಗೆಯಾಗಿ ನಾಲ್ಕು ತಿಂಗಳಾಯಿತು, ಕೂದಲು ಗೊಂಚಲು ಗೊಂಚಲಾಗಿ ಉದುರುತ್ತಿದೆ ಅಂತ ಅಳುತ್ತಿದ್ದರು. ವೈನಿ, ಹೆದರಬೇಡಿ. ಬಸುರಿಯಲ್ಲಿ ಉದುರದೆ ನಿಂತಿದ್ದ ಕೂದಲು ಈಗ ಒಟ್ಟಿಗೆ ಉದುರುತ್ತಿದೆ. ಹೆಚ್ಚಿನವರಿಗೆ ಮಗುವಿನ ವರ್ಷದ ಹುಟ್ಟುಹಬ್ಬದ ಹೊತ್ತಿಗೆ ಮತ್ತೆ ತುಂಬಿಕೊಳ್ಳುತ್ತದೆ. ಕೂದಲು ಬೆಳೆಯುವುದೇ ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಆ ಎಣ್ಣೆ ಈ ಪುಡಿ ಅಂತ ದುಡ್ಡು ಸುರಿಯಬೇಡಿ. ಪುಡಿ ತೊಳೆಯುತ್ತದೆ, ನುಣುಪು ಮಾಡುತ್ತದೆ. ರಕ್ತ ಕಡಿಮೆ ಇದ್ದರೆ ಅದನ್ನು ಪುಡಿ ತುಂಬಿಕೊಡುವುದಿಲ್ಲ. ಒಮ್ಮೆ ರಕ್ತ ತೋರಿಸಿ, ಕಬ್ಬಿಣದ ಮಾತ್ರೆ ಕೊಟ್ಟರೆ ಬಿಡದೆ ನುಂಗಿ.

ಅವ್ವಾ, ಈ ಊರಿನ ಒಂದು ಸಂಗತಿ ಹೇಳಲೇಬೇಕು. ಇನ್ನೂರು ವರ್ಷದ ಹಿಂದೆ ಪಟ್ನಾದ ಕಡೆಯಿಂದ ಬಂದ ದೀನ್ ಮಹಮದ್ ಅನ್ನುವವರು ಇಲ್ಲೇ ಸಮುದ್ರದ ದಂಡೆಯಲ್ಲಿ ಸ್ನಾನದ ಮನೆ ನಡೆಸುತ್ತಿದ್ದರು. ನಮ್ಮ ಕಡೆಯ ಗಿಡಮೂಲಿಕೆ ಹಾಕಿದ ಹಬೆಯಲ್ಲಿ ಕೂರಿಸಿ ಮೈ ತಿಕ್ಕಿಸುತ್ತಿದ್ದರಂತೆ. ದೊರೆ ನಾಲ್ಕನೇ ಜಾರ್ಜ್ ಕೂಡ ಅವರಿಂದ ತಿಕ್ಕಿಸಿಕೊಂಡಿದ್ದ. ಶಾಂಪೂ ಅನ್ನುವ ಮಾತು ಬಂದಿರುವುದೇ ಹಿಂದಿಯ ಚಾಂಪೋದಿಂದ, ಅಂದರೆ ಅಮುಕು, ತಿಕ್ಕು ಅಂತ. ಅವರು 1851ರಲ್ಲಿ ತೀರಿಕೊಂಡರು. ಸಮಾಧಿ ಇಲ್ಲಿನ ಸೇಂಟ್ ನಿಕೋಲಸ್ ಚರ್ಚಿನ ಅಂಗಳದಲ್ಲಿದೆ. ರಜೆಯ ದಿನ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ. ನಮ್ಮವರೇ ಯಾರನ್ನೋ ನೋಡಿ ಬಂದ ಹಾಗಾಯಿತು.

ಮುಂದಿನ ತಿಂಗಳು ನನ್ನ ಜೊತೆ ಕೆಲಸ ಮಾಡುವ ಸಿಂಧನೂರಿನ ಹುಡುಗಿ ಊರಿಗೆ ಬರುತ್ತಾಳೆ. ಅವಳ ಕೈಯಲ್ಲಿ ಸೀಗೆಪುಡಿ ಅರ್ಧ ಕಿಲೋ, ಮೆಂತ್ಯದ ಪುಡಿ ಕಾಲು ಕಿಲೋ, ಅಂಟವಾಳ ಚೂರು ಕಳಿಸು. ಎಲ್ಲಾ ಬೇರೆ ಬೇರೆ ಕಟ್ಟು, ಒಂದರಲ್ಲಿ ಒಂದು ಬೆರೆಸಬೇಡ. ಯಾವುದಾದರೂ ಆಗಿಬರದಿದ್ದರೆ ಯಾವುದು ಅಂತ ಗೊತ್ತಾಗಬೇಕಲ್ವಾ. ಮೇಲೆ ಹೆಸರನ್ನೂ ಕುಟ್ಟಿಸಿದ ತಿಂಗಳನ್ನೂ ಬರೆಸು. ಕಾಯಿಯನ್ನು ಗ್ರಂಧಿಗೆ ಅಂಗಡಿಯಲ್ಲಿ ಇಡಿಯಾಗೇ ತಗೊಂಡು, ಬೀಜ ತೆಗೆದು, ಬಿಸಿಲಿಗೆ ಕಾಯಿಸಿ ಗಿರಣಿಗೆ ಕಳಿಸು. ಖಾರ ಕುಟ್ಟಿದ ಯಂತ್ರದಲ್ಲಿ ಮಾತ್ರ ಬೇಡ. ಬಟ್ಟೆಯಲ್ಲಿ ಜಾಲಿಸುವಾಗ ಬಾಯಿ ಮೂಗಿಗೆ ಸೆರಗು ಕಟ್ಟಿಕೋ, ನಿನಗೆ ಮೊದಲೇ ದಮ್ಮು.

ಡಾಕ್ಟರು ಏನಂದರು ಅಂತ ಅಣ್ಣನ ಕೈಲಿ ಫೋನ್ ಮಾಡಿಸು. ಆ ಪೊಟ್ಟಣದ ಹಿಂದುಗಡೆಯ ಫೋಟೋವನ್ನೂ ಕಳಿಸಲಿ. ಪುಟ್ಟಿಯ ಕೈಗೆ ಯುಗಾದಿಗೆ ಅಂತ ಕಪ್ಪು ಕೋನ್ ತರಿಸಿದ್ದೀರಂತೆ. ಅದನ್ನು ಹಚ್ಚಬೇಡಿ. ಹಿತ್ತಲಲ್ಲಿ ಗೋರಂಟಿ ಗಿಡ ಇದೆಯಲ್ಲ, ನಾಲ್ಕು ಹಿಡಿ ಎಲೆ ತಂದು ನೀನೇ ಅರೆದು ಹಚ್ಚು.

ನಿನ್ನ ಮಗಳು