ಮಡಿಕೇರಿಗೆ ಬರ್ತೀನಿ ಅಂದವನಿಗೆ

ಮಾರಾಯ,

ನಿನ್ನ ಮೆಸೇಜ್ ಮೊನ್ನೆ ರಾತ್ರಿನೇ ನೋಡ್ದೆ, ಉತ್ತರ ಹಾಕೋಕೆ ಪುರುಸೊತ್ತು ಆಗ್ಲಿಲ್ಲ, ಅರೇಬಿಕಾ ಕಾಫಿ ಕುಯ್ಲು ಶುರುವಾಗಿದೆ, ಕಣದಲ್ಲಿ ಹರಡಿದ್ದಕ್ಕೆ ಮೋಡ ಕಂಡಾಗಲೆಲ್ಲ ಓಡೋಗಿ ಟಾರ್ಪಾಲ್ ಎಳೆಯೋದೇ ಕೆಲಸ. "ಆಫೀಸಿನವರು ಆರು ಜನ ಬರ್ತಿದೀವಿ, ಮಡಿಕೇರಿ ಕಡೆ ಹೊಸದಾಗಿ ಓಪನ್ ಆಗಿರೋ ಕೆಫೆ, ಬಾರು ಎಲ್ಲಾದ್ರದ್ದೂ ಲಿಸ್ಟ್ ಕಳ್ಸು" ಅಂದಿದೀಯ. ಲಿಸ್ಟ್ ಬೇಕಂದ್ರೆ ಫೋನಲ್ಲಿ ಐವತ್ತು ಸಿಗುತ್ತೆ, ಅದಕ್ಕೆ ನಾನ್ಯಾಕೆ? ನಾನೇ ಹೋಗಿ ತಿಂದು ಕುಡಿದು ಬಂದಿದ್ದನ್ನ ಮಾತ್ರ ಬರೀತೀನಿ. ಬೋರ್ಡ್ ಮೇಲಿನ ಹೆಸರು ನಂಗೆ ನೆನಪಿರಲ್ಲ ಅಂತ ನಿಂಗೊತ್ತಲ್ಲ, ದಾರಿ ಮಾತ್ರ ನೆನಪಿರುತ್ತೆ, ನೀನು ಬಾ, ಕರ್ಕೊಂಡು ಹೋಗ್ತೀನಿ.

ನೀನು ಊರು ಬಿಟ್ಟಾಗ ಇಲ್ಲಿ ಏನಿತ್ತು ಹೇಳು. ಬಸ್ ಸ್ಟ್ಯಾಂಡ್ ಹತ್ರ ದೋಸೆ, ಮಹದೇವಪೇಟೆಲಿ ಬಿರಿಯಾನಿ, ಎರಡು ಬೇಕರಿ, ಬಾರ್ ಅಂದ್ರೆ ಟ್ಯೂಬ್‌ಲೈಟು ಮಿಣಕ್ ಮಿಣಕ್ ಅಂತಿದ್ದ ಕತ್ತಲೆ ರೂಮು. ಕೆಫೆ ಅನ್ನೋ ಮಾತೇ ಇರ್ಲಿಲ್ಲ. ದೇಶದಲ್ಲೇ ಜಾಸ್ತಿ ಕಾಫಿ ಬೆಳೆಯೋ ಜಿಲ್ಲೆ ನಮ್ದು, ನಾವು ಕುಡೀತಿದ್ದಿದ್ದು ಮಾತ್ರ ಚಿಕೋರಿ ಬೇರಿನ ಪುಡಿ! ಪ್ಯಾಕೆಟ್ ಹಿಂದೆ ಒಂದ್ಸಲ ಓದಿ ನೋಡು, ನೂರರಲ್ಲಿ 49 ಭಾಗದವರೆಗೆ ಚಿಕೋರಿ ಹಾಕೋಕೆ ಕಾನೂನೇ ಬಿಟ್ಟಿದೆ. ಬೆಳೆದಿದ್ದೆಲ್ಲ ಮೂಟೆ ಕಟ್ಟಿ ಮಾರೋದು, ಮನೆಗೆ ಅಂಗಡಿಯಿಂದ ಪುಡಿ ತರೋದು, ಹಂಗೇ ನಡ್ಕೊಂಡು ಬಂತು.

ಈಗ ಒಂದೆರಡು ವರ್ಷದಿಂದ ಬದಲಾಗಿದೆ. ರೇಟ್ ಏರಿದ್ದೂ ಒಂದು ಕಾರಣ ಅಂತ ನಂಗನ್ಸುತ್ತೆ, 2024ರಲ್ಲಿ ರೋಬಸ್ಟಾ ಅನ್ನೋ ಇನ್ನೊಂದು ಜಾತಿ ಕಾಫಿಯ ಚೆರಿ, ಅಂದ್ರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, 50 ಕೆಜಿ ಮೂಟೆಗೆ 10,000 ರೂಪಾಯಿ ದಾಟ್ತಲ್ಲ, ಆವಾಗ ಬೆಂಗಳೂರಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಒಂದಷ್ಟು ಹುಡುಗ್ರು ಹುಡುಗೀರು ತೋಟಕ್ಕೆ ವಾಪಸ್ ಬಂದ್ರು, ಬಂದವರು ಸುಮ್ನೆ ಕೂರ್ತಾರಾ, ಕಾಫಿ ಹುರಿಯೋ ರೋಸ್ಟರ್ ತಂದ್ರು, ಹಳೇ ಗೋಡೌನಿಗೆ ಗಾಜು ಹಾಕ್ಸಿದ್ರು, ಕೆಫೆ ಅಂದ್ರು.

ಸಿದ್ದಾಪುರ ರಸ್ತೆಲಿ ಹಂಗೇ ಒಂದಿದೆ, ಮೊದಲು ಪಲ್ಪರ್, ಅಂದ್ರೆ ಹಣ್ಣಿನ ಸಿಪ್ಪೆ ಬಿಡಿಸೋ ಮೆಷಿನ್, ಇಟ್ಟಿದ್ದ ಶೆಡ್ಡು. ಹೋದ ವರ್ಷ ನಮ್ಮ ತೋಟದ್ದೇ ಎರಡು ಮೂಟೆ ರೋಬಸ್ಟಾ ಪಾರ್ಚ್‌ಮೆಂಟ್, ಅಂದ್ರೆ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ, ಅವರು ತಗೊಂಡಿದ್ರು, ಅದಕ್ಕೇ ಒಂದಿನ ಅಪ್ಪನ್ನ ಬಲವಂತವಾಗಿ ಕರ್ಕೊಂಡು ಹೋದೆ. ಕೌಂಟರಲ್ಲಿದ್ದ ಹುಡುಗಿ ತಕ್ಕಡಿ ಮೇಲೆ 15 ಗ್ರಾಂ ಪುಡಿ ತೂಗಿದ್ಲು, ಪೇಪರ್ ಫಿಲ್ಟರ್‌ಗೆ ಹಾಕಿ ಒಂಚೂರು ಬಿಸಿನೀರು ಬಿಟ್ಟು ಅರ್ಧ ನಿಮಿಷ ಸುಮ್ನೆ ನಿಂತ್ಲು. ಪುಡಿ ಉಬ್ಬಿ ಗುಳ್ಳೆ ಬಿಡ್ತು, ಆಮೇಲೆ ಸಣ್ಣ ಮೂತಿಯ ಕೆಟಲಿಂದ ದಾರದ ಹಾಗೆ ನೀರು ಸುತ್ತಿ ಸುತ್ತಿ ಬಿಟ್ಲು. ಅಪ್ಪ ಕೈಕಟ್ಟಿ ನೋಡ್ತಾ ನಿಂತಿದ್ರು. "ಇಷ್ಟೊತ್ತಿಗೆ ನಿಮ್ಮಮ್ಮ ಕುಯ್ಲಿನವರಿಗೆಲ್ಲ ಕಾಫಿ ಕೊಟ್ಟು ಲೋಟನೂ ತೊಳ್ದಿರೋಳು" ಅಂತ ನನ್ನ ಕಿವೀಲಿ ಅಂದ್ರು.

ಕಪ್ ಬಂತು. ಹಾಲಿಲ್ಲ, ಸಕ್ಕರೆ ಇಲ್ಲ. ಒಂದು ಗುಟುಕು ಕುಡಿದ್ರು, ಕೆಳಗಿಟ್ರು, ಮತ್ತೆ ತಗೊಂಡ್ರು. "ಇದು ನಮ್ದಾ?" ಅಂದ್ರು. ಹೌದು ಅಂಕಲ್, ನಿಮ್ಮ ಕೆಳಗಿನ ಬ್ಲಾಕಿಂದು ಅಂದ್ಲು ಅವಳು. ನಲವತ್ತು ವರ್ಷ ಆ ಗಿಡದ ಕೊಂಬೆ ಸವರಿ, ಗೊಬ್ಬರ ಹಾಕಿ, ಆನೆ ಓಡಿಸಿ, ಗಿಡ ಹೂ ಬಿಡ್ಸೋ ಹೂಮಳೆಗೆ ಮಾರ್ಚಲ್ಲಿ ಆಕಾಶ ನೋಡ್ತಾ ಕೂತ ಮನುಷ್ಯ, ತನ್ನ ಕಾಫೀನ ಬೇರೇನೂ ಬೆರೆಸದೆ ಕುಡಿದಿದ್ದು ಅದೇ ಮೊದಲು. ನಂಗೆ ಗಂಟಲು ಕಟ್ಟಿದಂಗಾಯ್ತು, ಅಷ್ಟರಲ್ಲಿ ಅಪ್ಪ "ಬೆಲ್ಲ ಇದ್ಯಾಮ್ಮಾ?" ಅಂದ್ರು ನೋಡು. ಆ ಹುಡುಗಿ ಒಂಚೂರೂ ನಗ್ದೆ ಒಳಗೋಗಿ ಒಂದು ಅಚ್ಚು ಬೆಲ್ಲ ತಂದಿಟ್ಲು. ಅದಕ್ಕೇ ಆ ಜಾಗ ನಂಗಿಷ್ಟ. ಬಿಲ್ಲು 220 ರೂಪಾಯಿ ಅಂತ ಅಮ್ಮಂಗೆ ಇನ್ನೂ ಹೇಳಿಲ್ಲ, ನೀನೂ ಬಾಯಿ ಬಿಡ್ಬೇಡ, ಅಪ್ಪ ಈಗ ಶುಕ್ರವಾರ ಸಂತೆಗೆ ಅಂತ ಹೋಗಿ ಅಲ್ಲಿ ಕೂತು ಬರ್ತಾರೆ.

ನಿಮ್ಮ ಆಫೀಸಿನವರಿಗೆ ಅಲ್ಲಿ ರೋಬಸ್ಟಾನೇ ಕೊಡ್ಸು. 2019ರಲ್ಲಿ ಕೊಡಗಿನ ಅರೇಬಿಕಾಗೆ ಜಿಐ ಟ್ಯಾಗ್, ಅಂದ್ರೆ ಊರಿನ ಹೆಸರಿಗೆ ಸಿಗೋ ಸರ್ಕಾರಿ ಗುರುತು, ಬಂದ್ಮೇಲೆ ಎಲ್ಲರೂ ಅದನ್ನೇ ಕೇಳ್ತಾರೆ, ರೋಬಸ್ಟಾ ಅಂದ್ರೆ ಮೂಗು ಮುರೀತಾರೆ. ಆದ್ರೆ ಇಲ್ಲಿ ಹೆಚ್ಚಾಗಿ ಬೆಳೆಯೋದು ಅದೇ, ಚೆನ್ನಾಗಿ ಹಣ್ಣಾದ್ದನ್ನೇ ಆರಿಸಿ ಒಣಗಿಸಿದ್ರೆ ಅದ್ರ ರುಚಿನೇ ಬೇರೆ. ಕೆಫೀನು ಮಾತ್ರ ಅರೇಬಿಕಾದ ಹೆಚ್ಚುಕಮ್ಮಿ ಎರಡರಷ್ಟು, ಸಂಜೆ ಆರರ ಮೇಲೆ ಕುಡಿದು ರಾತ್ರಿಯೆಲ್ಲ ನಂಗೆ ಫೋನ್ ಮಾಡ್ಬೇಡಿ.

ಇನ್ನೊಂದು ಕಡೆ ಹೋಗ್ಲೇಬೇಡಿ, ವ್ಯೂ ಪಾಯಿಂಟ್ ದಾರೀಲಿ ಗಾಜಿನ ಗೋಡೆ, ಉಯ್ಯಾಲೆ, ರೆಕ್ಕೆ ಬಿಡಿಸಿದ ಗೋಡೆ ಪೇಂಟಿಂಗ್ ಇರೋದು. ನಾನು ಹೋದಾಗ ಮೆಷಿನ್ ಕೆಟ್ಟಿದೆ ಅಂದ್ರು, 280 ರೂಪಾಯಿ ತಗೊಂಡು ಇನ್‌ಸ್ಟಂಟ್ ಪುಡಿ ಕದಡಿ ಕೊಟ್ರು, ಸುತ್ತ ಕಣ್ಣು ಹಾಯಿಸಿದಷ್ಟೂ ಕಾಫಿ ತೋಟ ಮಾರಾಯ! ಫೋಟೋ ಚೆನ್ನಾಗಿ ಬರುತ್ತೆ, ಸುಳ್ಳು ಹೇಳಲ್ಲ.

ಊಟಕ್ಕೆ ವಿರಾಜಪೇಟೆ ರಸ್ತೆಲಿ ಒಂದು ಮನೆ ಥರದ ಹೋಟೆಲ್ ಆಗಿದೆ, ಅಕ್ಕ ತಂಗಿ ನಡೆಸೋದು, ಎಂಟು ಟೇಬಲ್ಲು ಅಷ್ಟೇ. ಪಂದಿಕರಿ, ಅಂದ್ರೆ ನಮ್ಮ ಹಂದಿ ಸಾರು, ಈಗ ಎಲ್ಲಾ ಕಡೆ ಬೋರ್ಡ್ ಹಾಕ್ತಾರೆ, ಬೆಂಗಳೂರಲ್ಲೂ ಸಿಗುತ್ತೆ, ಆದ್ರೆ ಮಸಾಲೆ ಕಪ್ಪಗೆ ಹುರಿಯೋ ಧೈರ್ಯ ಯಾರಿಗೂ ಇಲ್ಲ, ಹುಳಿಗೆ ವಿನೆಗರ್ ಸುರಿದುಬಿಡ್ತಾರೆ. ಇಲ್ಲಿ ಮೆಣಸು, ಜೀರಿಗೆ, ಕೊತ್ತಂಬರಿ ಎಲ್ಲ ಹದವಾಗಿ ಕರಿಹಿಡಿಯೋವರೆಗೆ ಹುರಿದು, ಕೊನೇಲಿ ಕಾಚಂಪುಳಿ, ಅಂದ್ರೆ ಹಣ್ಣಿನ ರಸ ಬತ್ತಿಸಿದ ಕಪ್ಪು ಹುಳಿ, ಬಿಡ್ತಾರೆ. ನಾನು ಸುಮ್ನೆ ಪರೀಕ್ಷೆ ಮಾಡೋಕೆ "ಕಾಚಂಪುಳಿ ಯಾವ ಕಡೆದು?" ಅಂದೆ, ಅಕ್ಕ ಮಾತಾಡದೆ ಒಳಗಿಂದ ಒಂದು ಹಳೇ ಬಾಟಲ್ ತಂದು ಅಂಗೈ ಮೇಲೆ ಒಂದು ಹನಿ ಬಿಟ್ರು. ಕಪ್ಪು ಜೇನಿನ ಹಾಗೆ ಮೆಲ್ಲಗೆ ಇಳೀತು, ನೆಕ್ಕಿದ್ರೆ ಕಿವಿವರೆಗೂ ಜುಮ್ ಅಂತು. ಆಮೇಲೆ ನಾನೇನೂ ಕೇಳ್ಲಿಲ್ಲ, ಕಡಂಬುಟ್ಟು, ಅದೇ ಅಕ್ಕಿ ತರಿ ಉಂಡೆ, ಹಾಕಿಸ್ಕೊಂಡು ತಿಂದೆ, ಏಳೋ ಎಂಟೋ, ಲೆಕ್ಕ ತಪ್ತು. ನಿಮ್ಮಲ್ಲಿ ಹಂದಿ ತಿನ್ನದವರಿದ್ರೆ ನೂಪುಟ್ಟು, ಅಂದ್ರೆ ಒತ್ತು ಶಾವಿಗೆ, ಜೊತೆಗೆ ಕೋಳಿ ಸಾರು ಇದೆ. ಬೈಂಬಳೆ ಕೇಳ್ಬೇಡ, ಅದು ಕಳಲೆ, ಅಂದ್ರೆ ಎಳೇ ಬಿದಿರು, ಮಳೆಗಾಲದ್ದು, ಈಗ ಕೊಟ್ರೆ ಉಪ್ಪುನೀರಲ್ಲಿಟ್ಟಿದ್ದೇ ಕೊಡ್ಬೇಕು. ಪುತ್ತರಿ, ನಮ್ಮ ಸುಗ್ಗಿ ಹಬ್ಬ, ಮುಗಿದ ವಾರ ಬರ್ತಿರೋದ್ರಿಂದ ತಂಬುಟ್ಟು ಸಿಕ್ರೂ ಸಿಗಬಹುದು, ಬಾಳೆಹಣ್ಣು ಕಿವುಚಿ ಮಾಡೋದು, ಮೇಲೆ ತುಪ್ಪ, ಕೇಳಿ ನೋಡು.

ಬಾರ್ ಅಂದ್ಯಲ್ಲ. ಹೊಸ ಬಾರು ಅಂದ್ರೆ ಹೆಚ್ಚಾಗಿ ಲಾಡ್ಜೋ ರೆಸಾರ್ಟೋ ಜೊತೆಗಂಟಿಕೊಂಡೇ ಇರೋದು, ಸಿಎಲ್-7 ಅನ್ನೋ ಮದ್ಯದ ಲೈಸೆನ್ಸ್ ತಂಗೋ ರೂಮಿದ್ರೆ ತಾನೇ ಸಿಗೋದು. ಹೆಚ್ಚಿನವು ಬಣ್ಣದ ಲೈಟು, ಜೋರು ಹಾಡು, ಬೇಡ. ಊರಾಚೆ ಒಂದಿದೆ, ಜಗಲೀಲಿ ನಾಲ್ಕು ಬೆಂಚು, ಮಧ್ಯೆ ಬೆಂಕಿ, ಅಲ್ಲಿ ಕೈಪುಳಿ ಹಿಂಡಿ ಜಿನ್ ಕೊಡ್ತಾನೆ, ನಮ್ಮಜ್ಜಿ ಚಟ್ನಿ ಥರದ ಪಜ್ಜಿ ಮಾಡ್ತಿದ್ರಲ್ಲ ಅದೇ ಕಹಿ ಹುಳಿಹಣ್ಣು, ಗ್ಲಾಸಿನಂಚಿಗೆ ಉಪ್ಪು, ಪರಂಗಿ ಮೆಣಸು. ಮೊದಲ ಗುಟುಕಿಗೆ ಹೇಳೋದೇನು, ಅಜ್ಜಿ ನೆನಪಾದ್ರು, ಅವರಿಗೆ ಗೊತ್ತಾಗಿದ್ರೆ ಸೌಟಲ್ಲಿ ಬಾರಿಸೋರು. ಎರಡು ಸಾಕು. ರಾತ್ರಿ ಮಂಜು ಇಳಿದ್ರೆ ಹತ್ತಡಿ ಮುಂದೆ ಕಾಣಲ್ಲ, ಕುಡಿಯದವನೊಬ್ಬನ್ನ ಮೊದಲೇ ಗೊತ್ತು ಮಾಡ್ಕೊಂಡು ಕೀ ಅವನ ಕೈಗೆ ಕೊಡಿ. ರಸ್ತೆ ಬದೀಲಿ ಹೋಂಮೇಡ್ ವೈನ್ ಅಂತ ಮಾರೋದನ್ನ ಮನೆಗೆ ತಗೊಂಡು ಹೋಗೋರು ಹೋಗ್ಲಿ, ನಂಗೆ ಅದು ಕೆಮ್ಮಿನ ಸಿರಪ್ಪೇ.

ಮೋಮೋ ಬೇಕು ಅಂತ ಯಾರಾದ್ರೂ ಹಟ ಹಿಡಿದ್ರೆ ಮಡಿಕೇರೀಲಿ ತಿನ್ಬೇಡಿ, ವಾಪಸ್ ಹೋಗೋ ದಾರೀಲೇ ಬೈಲುಕುಪ್ಪೆ ಇದೆ, ಟಿಬೆಟಿನವರು 1961ರಿಂದ ಅಲ್ಲಿದಾರೆ, ಗೋಲ್ಡನ್ ಟೆಂಪಲ್ ಸುತ್ತಮುತ್ತ ಈಗ ಚಿಕ್ಕ ಚಿಕ್ಕ ಹೊಸ ಅಂಗಡಿ ಬಂದಿವೆ, ಥುಕ್ಪಾ ಅನ್ನೋ ನೂಡಲ್ ಸೂಪು ಕುಡೀರಿ, ಲಾಫಿಂಗ್ ಅನ್ನೋ ತಣ್ಣಗಿನ ತಿಂಡಿಯ ಖಾರ ತಡ್ಕೊಳ್ಳೋ ಶಕ್ತಿ ಇದ್ರೆ ಅದನ್ನೂ ತಿನ್ನಿ.

ಒಂದೇ ಒಂದು ಮಾತು ಕೇಳು, ಶನಿವಾರ ಬರ್ಬೇಡ. ಶನಿವಾರ ರಾಜಾಸೀಟಿಂದ ತಿಮ್ಮಯ್ಯ ಸರ್ಕಲ್‌ವರೆಗೆ ನಡ್ಕೊಂಡು ಹೋಗೋರೇ ಕಾರಿಗಿಂತ ಮುಂದೆ ಹೋಗ್ತಾರೆ, ಆ ಎಂಟು ಟೇಬಲ್ ಹೋಟೆಲಲ್ಲಿ ನಿಂತ್ಕೊಂಡು ಕಾಯ್ಬೇಕು. ಬುಧವಾರ ರಾತ್ರಿ ಹೊರಟು ಗುರುವಾರ ಬೆಳಿಗ್ಗೆ ಇಲ್ಲಿರಿ, ಆರು ಜನಕ್ಕೂ ನಮ್ಮನೇಲಿ ಜಾಗ ಇದೆ, ಬಿಸಿನೀರು ಒಲೇದು, ಸರದಿ ಪ್ರಕಾರ ಸ್ನಾನ. ಮೊದಲ ದಿನ ಬೆಳಿಗ್ಗೆ ತಿಂಡಿ ಮಾತ್ರ ದಾರೀಲಿ ತಿಂದ್ಕೊಂಡು ಬರ್ಬೇಡಿ, ಅಮ್ಮ ಈಗಾಗ್ಲೇ ಅಕ್ಕಿ ರೊಟ್ಟಿಗೆ ಎಷ್ಟು ಜನ ಎಷ್ಟು ಜನ ಅಂತ ಮೂರು ಸಲ ಕೇಳಿದಾರೆ. ಹಂದಿ ತಿನ್ನದವರು ಎಷ್ಟು ಜನ ಅಂತ ನಾಳೆ ಹೇಳ್ಬಿಡು.

ನಿನ್ನ,
ಟಾರ್ಪಾಲ್ ಎಳೆಯೋನು