ಕಾರಣ ಹೇಳದ ಯಂತ್ರ ವಾರ್ಡಿಗೆ ಬೇಡ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಹೊಲಿಗೆ ಹಾಕಿದ ಗಾಯಗಳ ಡ್ರೆಸ್ಸಿಂಗ್ ಬಿಚ್ಚಿ ನೋಡುವುದು ನನ್ನ ನಿತ್ಯದ ಕೆಲಸ. ಐದಾರನೆಯ ದಿನ ಹೊಲಿಗೆಯ ಸುತ್ತ ಕೆಂಪು ಹರಡಿ, ಕೈಯಿಟ್ಟರೆ ಬಿಸಿ ತಾಗಿದಾಗ, ಇದು ಮೊದಲೇ ತಿಳಿದಿದ್ದರೆ ಎಂದು ಹಲುಬಿದ್ದೇನೆ. ಹಾಗಾಗಿ ಶಸ್ತ್ರಚಿಕಿತ್ಸೆಯ ನಂತರದ ಸೋಂಕನ್ನು ಮುಂಚೆಯೇ ಊಹಿಸುವ ಯಂತ್ರಕಲಿಕೆಯ ತಂತ್ರಾಂಶ, ಅಂದರೆ ಹಳೆಯ ರೋಗಿಗಳ ದಾಖಲೆಗಳಿಂದ ತಾನೇ ಕಲಿಯುವಂಥದು, ಬರುವುದಾದರೆ ಬರಲಿ. ಆದರೆ ಕಾರಣ ತೋರಿಸದ ತಂತ್ರಾಂಶಕ್ಕೆ ತಾವು ಒಪ್ಪಿಗೆ ಕೊಡಬಾರದು.

ಪರದೆಯ ಮೇಲೆ ‘ಅಪಾಯ ಶೇ 18’ ಎಂದಷ್ಟೇ ಮೂಡಿದರೆ ನಾನು ಏನು ಮಾಡಲಿ? ರಕ್ತದಲ್ಲಿ ಸಕ್ಕರೆ ಏರಿದೆ, ಆಲ್ಬುಮಿನ್ ಎಂಬ ಪ್ರೋಟೀನು ಕಡಿಮೆಯಿದೆ, ಶಸ್ತ್ರಚಿಕಿತ್ಸೆ ಹೆಚ್ಚು ಹೊತ್ತು ಹಿಡಿದಿದೆ, ಇವುಗಳಲ್ಲಿ ಯಾವುದರ ಪಾಲು ಎಷ್ಟು ಎಂದು ಬಂದರೆ ಕೈಗೆ ಕೆಲಸ ಸಿಗುತ್ತದೆ. ಕಳೆದ ಹೊತ್ತು ಮರಳದು, ಸಕ್ಕರೆಯನ್ನು ಇಳಿಸಬಹುದು. 1991ರಲ್ಲೇ ಅಮೆರಿಕದಲ್ಲಿ ರೋಗಿಯ ಒಟ್ಟು ಸ್ಥಿತಿ, ಗಾಯದ ಶುಚಿತ್ವದ ದರ್ಜೆ, ಶಸ್ತ್ರಚಿಕಿತ್ಸೆಯ ಅವಧಿ ಎಂಬ ಮೂರೇ ಅಂಶಗಳಿಂದ ಈ ಸೋಂಕಿನ ಅಪಾಯ ಅಳೆಯುವ ಸೂಚ್ಯಂಕ ಬಂದಿತ್ತು. 0ರಿಂದ 3ರವರೆಗಿನ ಅಂಕ, ಬೆರಳು ಮಡಚಿ ಎಣಿಸಬಹುದಿತ್ತು. ಹೊಸದು ಅದಕ್ಕಿಂತ ಸೂಕ್ಷ್ಮವಾಗಿರಲಿ, ಲೆಕ್ಕ ಮಾತ್ರ ಅದರಂತೆಯೇ ಕಣ್ಣಿಗೆ ಕಾಣಲಿ.

ಗಣಕ ವಿಜ್ಞಾನಿ ರಿಚ್ ಕರುವಾನಾ ಮತ್ತು ಸಂಗಡಿಗರು 2015ರಲ್ಲಿ ವಿವರಿಸಿದ ನ್ಯುಮೋನಿಯಾ ಪ್ರಕರಣವನ್ನು ತಮ್ಮ ಅಧಿಕಾರಿಗಳು ಓದಬೇಕು. ಆಸ್ತಮಾ ಇರುವವರು ನ್ಯುಮೋನಿಯಾದಿಂದ ಸಾಯುವ ಸಂಭವ ಕಡಿಮೆ ಎಂದು ಯಂತ್ರ ಕಲಿತಿತ್ತು. ದಾಖಲೆಗಳಲ್ಲಿ ಸುಳ್ಳಿರಲಿಲ್ಲ. ಆಸ್ತಮಾ ರೋಗಿಗಳನ್ನು ನೇರವಾಗಿ ತೀವ್ರ ನಿಗಾ ಘಟಕಕ್ಕೆ ಒಯ್ಯುತ್ತಿದ್ದರು, ಆ ಆರೈಕೆಯಿಂದಲೇ ಅವರು ಬದುಕುತ್ತಿದ್ದರು. ಯಂತ್ರ ಕಲಿತದ್ದನ್ನು ಓದಲು ಬರುತ್ತಿದ್ದುದರಿಂದ ಎಡವಟ್ಟು ಬಯಲಾಯಿತು. ನಮ್ಮ ವಾರ್ಡಿನಲ್ಲೂ ಇಂಥದೇ ಗುಂಡಿಯಿದೆ. ಗಾಯದ ಸ್ರಾವವನ್ನು ಕಲ್ಚರ್ ಪರೀಕ್ಷೆಗೆ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಕಳಿಸುವುದೇ ನಮಗೆ ಅನುಮಾನ ಬಂದ ಮೇಲೆ. ಆ ದಾಖಲೆ ಕಂಡು ಯಂತ್ರ ‘ಸೋಂಕು’ ಎಂದರೆ ಅದೇನು ಮುನ್ಸೂಚನೆ? ನನ್ನ ಅನುಮಾನವನ್ನೇ ನನಗೆ ಓದಿ ಹೇಳಿದಂತಾಯಿತು.

ಮಾರಲು ಬಂದವರು ‘ಶೇ 97 ನಿಖರ’ ಎನ್ನಬಹುದು. ನೂರರಲ್ಲಿ ಮೂವರಿಗೆ ಸೋಂಕಾಗುವ ಕಡೆ, ‘ಯಾರಿಗೂ ಆಗುವುದಿಲ್ಲ’ ಎಂದು ಹಲಗೆಯ ಮೇಲೆ ಬರೆದು ತೂಗುಹಾಕಿದರೂ ಅಷ್ಟೇ ನಿಖರತೆ ಸಿಗುತ್ತದೆ. ಆ ಮೂವರಲ್ಲಿ ಎಷ್ಟು ಜನರನ್ನು ಹಿಡಿಯಿತು, ಎಷ್ಟು ಸಲ ಸುಮ್ಮನೆ ಗಂಟೆ ಬಾರಿಸಿತು ಎಂದು ಕೇಳಿ.

ಈ ಸೋಂಕನ್ನು ಸಾಮಾನ್ಯವಾಗಿ 30 ದಿನಗಳವರೆಗೆ, ಕೃತಕ ಕೀಲು ಕೂರಿಸಿದ್ದರೆ 90 ದಿನಗಳವರೆಗೆ ಗಮನಿಸಬೇಕು. ಅಷ್ಟರಲ್ಲಿ ರೋಗಿ ಮನೆ ಸೇರಿರುತ್ತಾರೆ. ಅಲ್ಲಿ ಕೀವಾದದ್ದು ಕಡತಕ್ಕೆ ಬಾರದಿದ್ದರೆ ಯಂತ್ರದ ಪಾಲಿಗೆ ಅವರು ಗುಣಮುಖರೇ. ಆದ್ದರಿಂದ ಖರೀದಿಗೆ ಮುನ್ನ, ಮನೆಗೆ ಹೋದವರಿಗೆ ಫೋನ್ ಮಾಡಿ ಗಾಯದ ಸ್ಥಿತಿ ವಿಚಾರಿಸಿ ಬರೆದಿಡಲು ಒಬ್ಬ ಶುಶ್ರೂಷಕಿಯ ಹುದ್ದೆ ಮಂಜೂರು ಮಾಡಿ. ಹಾಗೆ ಸಿದ್ಧವಾದ ಕಡತಗಳ ಮೇಲೆ ತಂತ್ರಾಂಶವನ್ನು ಓಡಿಸಿ ನೋಡೋಣ. ಅದು ಕೊಡುವ ಕಾರಣಗಳನ್ನು ಡ್ರೆಸ್ಸಿಂಗ್ ಮಾಡುವ ನಾವೂ ಕುಳಿತು ಓದುತ್ತೇವೆ.

ಇಂತಿ,
ಶಸ್ತ್ರಚಿಕಿತ್ಸಾ ವಾರ್ಡಿನ ಒಬ್ಬ ಶುಶ್ರೂಷಕಿ